ಟಾರ್ಪಾಲು ಹೊದಿಸದ ಸಂಜೆ

ನಮ್ಮ ಸೋದರಮಾವ ಊಟಕ್ಕೆ ಕೂತರೆ ಎರಡು ತಟ್ಟೆ ಬೇಕು. ಒಂದು ಉಣ್ಣಲು, ಇನ್ನೊಂದು ಮುಚ್ಚಲು. ಎಡಗೈಯಿಂದ ಮೇಲಿನ ತಟ್ಟೆಯನ್ನು ಒಂದಿಷ್ಟು ಎತ್ತುತ್ತಾರೆ, ಬಲಗೈಯಿಂದ ತುತ್ತು ತೆಗೆಯುತ್ತಾರೆ, ಮತ್ತೆ ಮುಚ್ಚುತ್ತಾರೆ. ಹೊಸಬರು ನೋಡಿದರೆ ಇವರು ತಮ್ಮ ಮನೆಯಲ್ಲೇ ಕದ್ದು ತಿನ್ನುತ್ತಿದ್ದಾರೆ ಎಂದುಕೊಳ್ಳುತ್ತಾರೆ.

"ಯಾರೂ ಕಿತ್ಕೊಳ್ಳಲ್ಲ ರೀ, ತೆಗ್ದಿಡಿ ಆ ತಟ್ಟೆ" ಎನ್ನುತ್ತಾರೆ ಅತ್ತೆ.

"ಬೂದಿ ಬೀಳುತ್ತೆ ಕಣೇ."

"ಇಲ್ಲಿ ಬೂದಿ ಎಲ್ಲಿಂದ ಬೀಳ್ಬೇಕು, ನನ್ನ ತಲೆ ಮೇಲಿಂದ್ಲಾ?"

ಮಾವ ಮುಚ್ಚಿಕೊಂಡೇ ಉಣ್ಣುತ್ತಾರೆ.

ಮಾವ ಆಯಸ್ಸಿನ ಬಹುಪಾಲನ್ನು ಒಂದು ವಿಹಾರದ ಹಡಗಿನಲ್ಲಿ ಬಾಣಬಿರುಸು ಹಾರಿಸುತ್ತ ಕಳೆದವರು. ದುಡ್ಡಿದ್ದವರು ವಾರಗಟ್ಟಲೆ ತಿಂದು, ಕುಡಿದು, ಈಜುಕೊಳದಲ್ಲಿ ಬಿದ್ದು ಹೊರಳಿ, ನಡುಗಡಲಿನಲ್ಲಿ ತೇಲಿ ಬರುವಂಥ ಹಡಗು ಅದು. ಪ್ರತಿ ಪ್ರಯಾಣದ ಕೊನೆಯ ಸಂಜೆ, ಊಟವಾದ ಮೇಲೆ, ಆಕಾಶದಲ್ಲಿ ಬಣ್ಣದ ಬೆಂಕಿ. ಅತಿಥಿಗಳ ಕೈಗೆ ಕೊಡುವ ಕಾರ್ಯಕ್ರಮದ ಚೀಟಿಯಲ್ಲಿ ಅದಕ್ಕೆ 'ಆಕಾಶದ ಹೂದೋಟ' ಎಂದು ಹೆಸರು. ಮಾವನ ಬಾಯಲ್ಲಿ ಅದು 'ಆ ಹೊಲಸು'.

ಶುರುವಿನಲ್ಲಿ ಹಾಗಿರಲಿಲ್ಲ. ಮೀಸೆ ಚಿಗುರುವ ವಯಸ್ಸಿಗೆ ಊರ ಹೊರಗಿನ ಶೆಡ್ಡೊಂದರಲ್ಲಿ ಕಾಗದದ ಉಂಡೆಗಳಿಗೆ ಮದ್ದು ತುಂಬುತ್ತಿದ್ದರು. ತುಂಬಿದ್ದು ಎಲ್ಲಿ ಹಾರುತ್ತದೆ, ಹೇಗೆ ಅರಳುತ್ತದೆ ಎಂದು ಕಂಡವರಲ್ಲ. ಹಡಗಿನವರು ಕರೆದಾಗ, ತಾನು ತುಂಬಿದ್ದನ್ನು ತಾನೇ ಹಾರಿಸಿ ನೋಡಬಹುದಲ್ಲ ಎಂಬ ಒಂದೇ ಆಸೆಯಿಂದ ಹತ್ತಿದರು. ಹತ್ತಿದ ಮೇಲೆ ತಿಳಿಯಿತು: ಹಾರಿಸುವವನಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಅವನು ನೋಡಬೇಕಾದದ್ದು ತಂತಿ, ಗುಂಡಿ, ಕಿಡಿ ಬಿದ್ದ ನೆಲ.

ಕೆಲಸ ಹೀಗೆ. ಹಡಗಿನ ಹಿಂಭಾಗದ ತೆರೆದ ಡೆಕ್ಕಿನಲ್ಲಿ, ಕಬ್ಬಿಣದ ಚೌಕಟ್ಟುಗಳೊಳಗೆ, ಕೊಳವೆಗಳನ್ನು ಸಾಲಾಗಿ ನಿಲ್ಲಿಸಬೇಕು. ಒಂದೊಂದರಲ್ಲೂ ಮದ್ದಿನ ಉಂಡೆ ಇಳಿಸಿ ತಂತಿ ಜೋಡಿಸಬೇಕು. ದೂರದ ಪೆಟ್ಟಿಗೆಯಲ್ಲಿ ಗುಂಡಿ ಒತ್ತಿದರೆ ಹಾರುತ್ತದೆ. ಕಡಲಿನ ಮೇಲೆ ಈ ಕೆಲಸಕ್ಕೆ ದೊಡ್ಡ ಶತ್ರು ಉಪ್ಪುನೀರು. ಅಲೆಯ ತುಂತುರು ಕೊಳವೆಯೊಳಗೆ ಇಳಿದರೆ ಮದ್ದು ನೆನೆದ ಹಿಟ್ಟಾಗುತ್ತದೆ. ಅದಕ್ಕೇ ಕೊಳವೆ ತುಂಬಿದ ಗಳಿಗೆಯಿಂದ ಗುಂಡಿ ಒತ್ತುವ ಗಳಿಗೆಯವರೆಗೆ ಟಾರ್ಪಾಲು ಹೊದಿಸಿರಬೇಕು. ಹೊದಿಸಲು ಮರೆಯುವುದು ಹೊಸದಾಗಿ ಸೇರಿದವರು ಮಾತ್ರ ಮಾಡುವ ತಪ್ಪು, ಅದೂ ಒಂದೇ ಸಲ.

ಹಡಗಿನವರು ಕೊಟ್ಟ ಟಾರ್ಪಾಲು ಹೊಲಿಗೆಯ ಸಾಲಿನಲ್ಲಿ ಸೋರುತ್ತಿತ್ತು. ಮಾವ ಅದನ್ನು ಸುರುಳಿ ಸುತ್ತಿ ಮನೆಗೆ ತಂದರು. ಅತ್ತೆ ತಳ್ಳುಗಾಡಿಗೆ, ಮೋಟರ್‌ಬೈಕಿಗೆ, ಅಂಗಡಿ ಮುಂಗಟ್ಟಿಗೆ ಹೊದಿಕೆ ಹೊಲಿದು ಸಂಸಾರಕ್ಕೆ ಹೆಗಲು ಕೊಟ್ಟವರು. ಬೆರಳಲ್ಲಿ ಹೊಲಿಗೆ ಸವರಿ, "ಯಾವನ್ರೀ ಇದನ್ನ ಹೊಲ್ದಿದ್ದು, ಹಲ್ಲಲ್ಲಿ ಹೊಲ್ದಿದಾನಾ?" ಎಂದು ಬಿಚ್ಚಿ ಬಿಸಾಡಿ, ಹೊಸದನ್ನು ಕತ್ತರಿಸಿ, ಎರಡು ಮಡಿಕೆ ಕೊಟ್ಟು ಹೊಲಿದುಕೊಟ್ಟರು. ಆಮೇಲೆ ಒಂದು ಹನಿಯೂ ಇಳಿಯಲಿಲ್ಲ. ಮಾವ ಹಾರಿಸಿದ್ದರಲ್ಲಿ ಒಂದೂ ಠುಸ್ಸೆಂದಿಲ್ಲ ಎಂಬ ಹೆಸರು ಬಂದದ್ದು ಅರ್ಧ ಆ ಹೊಲಿಗೆಯಿಂದ.

ತಟ್ಟೆಯ ವಿಷಯಕ್ಕೆ ಬರುತ್ತೇನೆ. ಹಾರಿಸುವ ಹೊತ್ತಿಗೆ ಕ್ಯಾಪ್ಟನ್ ಹಡಗಿನ ಮುಖವನ್ನು ಗಾಳಿಗೆ ಎದುರಾಗಿ ತಿರುಗಿಸುತ್ತಾರೆ. ಹೊಗೆ ಆದಷ್ಟೂ ಅತಿಥಿಗಳ ಕಡೆ ಹೋಗದೆ ಹಿಂದಕ್ಕೆ ಬರಲಿ ಎಂದು. ಹಿಂದೆ, ಎರಡು ಮಹಡಿ ಕೆಳಗೆ, ಕೆಲಸಗಾರರು ಕೂತು ಉಣ್ಣುವ ಜಾಗ. ಆಕಾಶದ ಹೂದೋಟ ಅರಳುವುದು ಅತಿಥಿಗಳಿಗೆ, ಉದುರುವುದು ಕೆಲಸಗಾರರ ತಟ್ಟೆಗೆ. ಗಂಧಕದ ಪುಡಿ, ಸುಟ್ಟ ಕಾಗದದ ಚೂರು, ಅರ್ಧ ಕರಗಿದ ಪ್ಲಾಸ್ಟಿಕ್ ಬಿಲ್ಲೆ. ಪಾತ್ರೆ ತೊಳೆಯುವವರು, ಹಾಸಿಗೆ ಹಾಸುವವರು, ಎಂಜಿನ್ನಿಗೆ ಎಣ್ಣೆ ಹಾಕುವವರು, ಎಲ್ಲರೂ ತಟ್ಟೆಯ ಮೇಲೆ ತಟ್ಟೆ ಮುಚ್ಚಿಕೊಂಡು ಉಣ್ಣುತ್ತಾರೆ. ಗುಂಡಿ ಒತ್ತಿ ಮುಗಿಸಿ ಕೆಳಗಿಳಿದ ಮಾವನನ್ನು ನೋಡಿ, "ಬಂದ್ರಪ್ಪಾ, ಒಗ್ಗರಣೆ ಹಾಕೋರು" ಎನ್ನುತ್ತಾರೆ.

ರಜೆಗೆ ಮನೆಗೆ ಬಂದ ಮೊದಲ ನಾಲ್ಕು ದಿನ ಮಾವ ಸೀನಿದರೆ ಕರವಸ್ತ್ರದ ಮೇಲೆ ಕಪ್ಪು ಗೆರೆ. ಅತ್ತೆ ಅವರ ಬಟ್ಟೆಗಳನ್ನು ಕಡ್ಡಿಯಲ್ಲಿ ಎತ್ತಿ ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದರು. ನೀರು ಚರಂಡಿಯ ಬಣ್ಣಕ್ಕೆ ತಿರುಗಿ, ಮೇಲೆ ಜಿಡ್ಡಿನ ಪೊರೆ ಕಟ್ಟುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ ಮೂರು ಸಲ ಒಗೆದರೂ ಕಂಕುಳಿನ ಹೊಲಿಗೆಯಲ್ಲಿ ಉಳಿಯುತ್ತಿತ್ತು.

"ನೋಡೋಕಾದ್ರೂ ಚೆನ್ನಾಗಿರುತ್ತಾ ಮಾವ?" ಎಂದು ಒಮ್ಮೆ ಕೇಳಿದೆ.

"ಯಾರು ನೋಡ್ತಾರೆ? ಎಲ್ಲಾ ಮೊಬೈಲು ಎತ್ತಿ ಹಿಡಿದಿರ್ತಾರೆ. ಸಾವಿರ ಜನ ನಿಂತಿರ್ತಾರೆ, ಒಬ್ಬನ ಕಣ್ಣೂ ಮೇಲಿರಲ್ಲ."

ಮಂಜಿನ ಸಂಜೆಯೊಂದರ ಕಥೆಯನ್ನು ಅವರು ಹೇಳುತ್ತಾರೆ. ಚಾಚಿದ ಕೈ ಕಾಣದಂಥ ಮಂಜು. ಹಾರಿಸುವುದು ಬೇಡ ಎಂದು ಮಾವ ಹೇಳಿದರೆ, ಮನರಂಜನೆಯ ಮ್ಯಾನೇಜರ್ ಚೀಟಿ ತೋರಿಸಿದ: ಅಚ್ಚಾಗಿದೆ, ಹಾರಿಸಿ. ಹಾರಿಸಿದರು. ಮೇಲೆ ಮಂಜಿನೊಳಗೆ ಎಲ್ಲೋ ಢಬ್ ಢಬ್ ಎಂದು, ನೆಗಡಿಯಾದವನ ಮೂಗಿನಂತೆ ಅಲ್ಲಲ್ಲಿ ಕೆಂಪಾಯಿತು, ಅಷ್ಟೆ. ಮೈಕಿನಲ್ಲಿ ಮ್ಯಾನೇಜರ್, "ಚಪ್ಪಾಳೆ!" ಎಂದ. ಜನ ತಟ್ಟಿದರು. ಮರುದಿನ ಅವರೇ ಒಬ್ಬರಿಗೊಬ್ಬರು ಆ ಬೂದು ಮೊಬೈಲು ಚಿತ್ರ ತೋರಿಸಿಕೊಂಡು, "ಎಷ್ಟು ಚೆಂದ ಅಲ್ವಾ" ಎನ್ನುತ್ತಿದ್ದರಂತೆ.

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಹಕ್ಕಿ.

ವರ್ಷದಲ್ಲಿ ಎರಡು ಸಲ ಸಣ್ಣ ಹಕ್ಕಿಗಳು ಕಡಲು ದಾಟುತ್ತವೆ. ಮುಷ್ಟಿಯಲ್ಲಿ ಹಿಡಿಯುವಷ್ಟೇ ಗಾತ್ರ. ಎದುರುಗಾಳಿ ಬಂದರೆ ದಾರಿಯಲ್ಲಿ ಸೋತು, ಕಂಡ ಹಡಗಿನ ಮೇಲೆ ಇಳಿಯುತ್ತವೆ. ಜನ, ಗದ್ದಲ ಇರುವ ಕಡೆ ಇಳಿಯುವುದಿಲ್ಲ. ಯಾರೂ ಓಡಾಡದ ಹಿಂಬದಿಗೆ ಬರುತ್ತವೆ, ಅಂದರೆ ಮಾವನ ಕೊಳವೆಗಳ ಸುತ್ತಲಿಗೆ. ಮೊದಲ ಸಲ ಬಂದಾಗ ಮಾವ, ಸದ್ದಾದರೆ ಹಾರಿಹೋಗುತ್ತವೆ ಎಂದುಕೊಂಡು ಗುಂಡಿ ಒತ್ತಿದ್ದರು. ಕೆಲವು ಹಾರಿದವು, ನೇರ ಕಡಲಿಗೆ. ಹಾರಲು ತ್ರಾಣವಿಲ್ಲದವು ಕೂತಲ್ಲೇ ಬೆಂದವು.

ಹಾರಿಸಿದವರೇ ಗುಡಿಸಬೇಕು, ಅತಿಥಿಗಳು ಎದ್ದು ಕಾಫಿ ಹಿಡಿದು ಬರುವ ಮೊದಲು ಡೆಕ್ಕು ಹೊಳೆಯಬೇಕು ಎಂಬುದು ಹಡಗಿನ ನಿಯಮ. ಒದ್ದೆ ಬೂದಿಯಲ್ಲಿ ಕಲಸಿದ ರೆಕ್ಕೆ ಪೊರಕೆಗೆ ಅಂಟುತ್ತದೆ. ಕೊಡವಿದರೆ ಬಿಡುವುದಿಲ್ಲ, ಕೈಯಿಂದ ಕೀಳಬೇಕು. ಸುಟ್ಟ ರೆಕ್ಕೆಯ ವಾಸನೆ ಸುಟ್ಟ ಕೂದಲಿನಂತೆ ಗಂಟಲಲ್ಲಿ ಕೂರುತ್ತದೆ. ಇನ್ನೂ ಕೊಕ್ಕು ಆಡಿಸುತ್ತಿರುವುದೂ ಬಕೆಟ್ಟಿಗೇ ಹೋಗಬೇಕು. ಆ ಬೆಳಿಗ್ಗೆ ಮಾವ ವಾಂತಿ ಮಾಡಿಕೊಂಡು, ಅದನ್ನೂ ಗುಡಿಸಿದರು. ಆಮೇಲೆ ಪ್ರತಿ ಹಂಗಾಮಿಗೂ ಇದೇ.

ಇಷ್ಟಾದರೂ ಬಿಟ್ಟು ಬರಲಿಲ್ಲವೇಕೆಂದರೆ, ಮಾವನಿಗೆ ಒಂದು ಆಸೆ ತೋರಿಸಿದ್ದರು. ಬಂದರಿನಲ್ಲಿ ಕಂಪನಿಯ ಮದ್ದಿನ ಗೋದಾಮಿದೆ. ಅದನ್ನು ನೋಡಿಕೊಳ್ಳುವ ಹಿರಿಯ ನಿವೃತ್ತನಾಗುವವನಿದ್ದ. ಆ ಜಾಗ ನಿನಗೇ, ಈ ವರ್ಷವೊಂದು ಯಾವ ಎಡವಟ್ಟೂ ಇಲ್ಲದೆ ಮುಗಿಸು ಎಂದು ಮೇಲಿನವರು ಮಾತು ಕೊಟ್ಟಿದ್ದರು. ಗೋದಾಮಿನ ಕೆಲಸವೆಂದರೆ ದಿನಾ ಸಂಜೆ ಮನೆಗೆ ಬರಬಹುದು. ಅತ್ತೆಯ ಮಂಡಿ ಆಗಲೇ ಕೈಕೊಟ್ಟಿತ್ತು. ಹೊಲಿಗೆ ಯಂತ್ರದ ಪೆಡಲು ತುಳಿದು ಎದ್ದರೆ ಗೋಡೆ ಹಿಡಿದೇ ನಡೆಯಬೇಕು. "ನೀವು ಬಂದ್ರೆ ಬಟ್ಟೆ ಕತ್ತರ್ಸೋಕಾದ್ರೂ ಆಗ್ತೀರಾ" ಎನ್ನುತ್ತ, ಮಾವನ ಅಂಗಿಗಳಿಗೆಂದು ಕಪಾಟಿನ ಒಂದು ಅರೆಯನ್ನು ಖಾಲಿ ಮಾಡಿ, ಒರೆಸಿ, ಹೊಸ ಕಾಗದ ಹಾಸಿಟ್ಟಿದ್ದರು. ಅಷ್ಟು ವರ್ಷ ಮಾವನ ಬಟ್ಟೆ ಆ ಮನೆಯಲ್ಲಿ ಪೆಟ್ಟಿಗೆಯಲ್ಲೇ ಇದ್ದದ್ದು.

ಆ ವರ್ಷದ ಕೊನೆಯ ಪ್ರಯಾಣದ ಕೊನೆಯ ದಿನ, ಮಧ್ಯಾಹ್ನದ ಮೇಲೆ, ಎದುರುಗಾಳಿ ಎದ್ದಿತು. ಮಾವ ಮತ್ತು ಅವರ ಜೊತೆಗಾರ ಕೊಳವೆ ತುಂಬಿ ಮುಗಿಸಿದ್ದರು. ಹಲ್ಲಿನ ಸಂದಿಯಿಂದ ಸದಾ ಶಿಳ್ಳೆ ಹೊಡೆಯುವ ಈ ಜೊತೆಗಾರನನ್ನು ಎಲ್ಲರೂ ಕರೆಯುತ್ತಿದ್ದದ್ದು ಸೀಟಿ ಎಂದೇ. ಟಾರ್ಪಾಲು ತರಲು ಮಾವ ತಿರುಗಿದಾಗ ಮೊದಲ ಹಕ್ಕಿ ಬಂದು ಕಂಬಿಯ ಮೇಲೆ ಕೂತಿತು. ನೋಡುನೋಡುತ್ತ ಇಡೀ ಗುಂಪು ಇಳಿಯಿತು. ಚೌಕಟ್ಟಿನ ಮೇಲೆ, ಕೊಳವೆಗಳ ಅಂಚಿನ ಮೇಲೆ, ಹಗ್ಗದ ಸುರುಳಿಯೊಳಗೆ, ಮಾವನ ಬೂಟಿನ ಪಕ್ಕದಲ್ಲಿ. ಇಳಿದವು ಇಳಿದಂತೆ ಕಣ್ಣು ಮುಚ್ಚಿದವು. ಕೂತಲ್ಲೆಲ್ಲ ಹಿಕ್ಕೆ ಹಾಕಿದವು.

"ದರಿದ್ರಗಳು" ಎಂದ ಸೀಟಿ. "ಇವತ್ತೇ ಬರ್ಬೇಕಾ? ಬೆಳಿಗ್ಗೆ ಇದೆ ನೋಡಿ ನಮ್ಗೆ."

ಮಾವ ಪೊರಕೆ ತೆಗೆದುಕೊಂಡು ಓಡಿಸಲು ನೋಡಿದರು. ನಾಲ್ಕು ಹಕ್ಕಿ ಎದ್ದು ಕಡಲಿನ ಕಡೆ ಹೋಗಿ, ಎರಡು ಮರಳಿ ಬಂದು ಬಿದ್ದವು. ಇನ್ನೆರಡು ಬರಲಿಲ್ಲ. ಮಾವ ಪೊರಕೆ ಇಟ್ಟು ಮ್ಯಾನೇಜರನ ಹತ್ತಿರ ಹೋದರು.

"ಸಾರ್, ಹಕ್ಕಿ ಕೂತಿವೆ. ಬೆಳಿಗ್ಗೆ ಹೊತ್ತಿಗೆ ಹೋಗ್ತವೆ. ಇವತ್ತೊಂದಿನ ಬಿಡೋಣ."

ಮ್ಯಾನೇಜರ್ ಕನ್ನಡಿಯ ಮುಂದೆ ಕುತ್ತಿಗೆಯ ಬೋ ಟೈ ಸರಿಮಾಡಿಕೊಳ್ಳುತ್ತಿದ್ದ. "ಎಷ್ಟು ವರ್ಷದಿಂದ ಹಕ್ಕಿ ಕೂರ್ತಿವೆ, ಇವತ್ತೇನು ಹೊಸ್ದು? ಸದ್ದಾದ್ರೆ ಹೋಗ್ತವೆ ಬಿಡಿ."

"ಹೋಗಲ್ಲ ಸಾರ್. ಸಾಯ್ತವೆ."

"ಹಾಗಾದ್ರೆ ಗುಡ್ಸಿ. ಅತಿಥಿಗಳು ಏಳೋ ಮುಂಚೆ ಗುಡ್ಸಿದ್ರೆ ಆಯ್ತು. ವಾಸನೆ ಇದ್ರೆ ಸ್ವಲ್ಪ ಸೆಂಟು ಹೊಡೀರಿ."

ಆ 'ಸೆಂಟು' ಎಂಬ ಮಾತನ್ನು ಮಾವ ಇವತ್ತಿಗೂ ಮರೆತಿಲ್ಲ. ಹಿಂದಿನ ಡೆಕ್ಕಿಗೆ ಬಂದರು. ಸೀಟಿ ಉಣ್ಣಲು ಇಳಿದಿದ್ದ. ಬೆಂಚಿನ ಕೆಳಗೆ ಅತ್ತೆ ಹೊಲಿದ ಟಾರ್ಪಾಲು ಮಡಿಸಿದಂತೆಯೇ ಇತ್ತು. ಮಾವ ಅದನ್ನು ಮುಟ್ಟಲಿಲ್ಲ. ತುಂತುರು ಹಾರುತ್ತಿತ್ತು, ಆದರೆ ಅಷ್ಟರಲ್ಲಿ ಎಲ್ಲ ಕೊಳವೆಯ ಮದ್ದೂ ಕೆಡಲು ಅದು ಸಾಲದು. ತೊಳೆಯಲು ಇಟ್ಟಿದ್ದ ಉಪ್ಪುನೀರಿನ ಬಕೆಟ್ಟನ್ನು ಎತ್ತಿಕೊಂಡರು. ಒಂದೊಂದೇ ಕೊಳವೆಗೆ, ಅಂಚಿನಲ್ಲಿ ಕೂತ ಹಕ್ಕಿ ಬೆಚ್ಚದಂತೆ, ಮಲಗಿದ ಮಗುವಿನ ಬಾಯಿಗೆ ಔಷಧಿ ಬಿಡುವ ಹಾಗೆ ನೀರು ಬಿಟ್ಟರು. ಆಮೇಲೆ ಬೆಂಚಿನ ಮೇಲೆ ಕೂತು, ಎರಡು ತಟ್ಟೆಯ ನಡುವಿನ ತಮ್ಮ ಊಟ ಮುಗಿಸಿದರು.

ಸಂಜೆ ಸಂಗೀತ ಶುರುವಾಯಿತು. ಮೈಕಿನಲ್ಲಿ ಮ್ಯಾನೇಜರ್ ಹತ್ತರಿಂದ ಹಿಂದಕ್ಕೆ ಎಣಿಸಿದ. ಮಾವ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮುಂದಿನದು ಒತ್ತಿದರು. ಒಂದು ಕೊಳವೆಯಿಂದ ಬೀಡಿಯಷ್ಟು ಹೊಗೆ ಬಂತು. ಹಕ್ಕಿಗಳು ಕಣ್ಣು ಕೂಡ ತೆರೆಯಲಿಲ್ಲ.

"ಅಯ್ಯೋ, ಟಾರ್ಪಾಲು!" ಎಂದು ಸೀಟಿ ತಲೆಯ ಮೇಲೆ ಕೈ ಹೊತ್ತ. "ನೀವು ಹೊದಿಸ್ಲಿಲ್ವಾ?"

"ಮರೆತೆ" ಎಂದರು ಮಾವ.

ಅತಿಥಿಗಳು ಜಗಳಕ್ಕೆ ಬರುತ್ತಾರೆ ಎಂದು ಮಾವ ಕಾದರು. ಅದೂ ಆಗಲಿಲ್ಲ. ಈಜುಕೊಳದ ಪಕ್ಕದ ದೊಡ್ಡ ಪರದೆಯಲ್ಲಿ ಮ್ಯಾನೇಜರ್ ಹಿಂದಿನ ಪ್ರಯಾಣದ ಬಾಣಬಿರುಸಿನ ವಿಡಿಯೊ ಹಾಕಿಸಿದ, ಸ್ಪೀಕರಿನಲ್ಲಿ ಢಬ್ ಢಬ್ ಸದ್ದು ಬಿಟ್ಟ. ಜನ ಆ ಕಡೆ ತಿರುಗಿದರು. ಮೊಬೈಲು ಎತ್ತಿದರು. ಪರದೆಯ ಚಿತ್ರದ ಚಿತ್ರ ತೆಗೆದುಕೊಂಡರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬ, "ನೋಡು ಪುಟ್ಟಾ, ಆಕಾಶ ನೋಡು" ಎನ್ನುತ್ತಿದ್ದ. ಬರಿ ಆಕಾಶದಲ್ಲಿ ಆಗ ಅಷ್ಟೊಂದು ನಕ್ಷತ್ರವಿತ್ತಂತೆ. ಮುಗಿದಾಗ ಚಪ್ಪಾಳೆ ಎಂದಿಗಿಂತ ಜೋರಾಗಿತ್ತು. ಹೊಗೆ ಇರಲಿಲ್ಲವಲ್ಲ, ಯಾರೂ ಕೆಮ್ಮಲಿಲ್ಲ.

"ಥೂ" ಎಂದು ಮಾವ ಕಡಲಿಗೆ ಉಗಿದರು. ಇಷ್ಟು ವರ್ಷದ ಬೂದಿ, ಕರವಸ್ತ್ರದ ಕಪ್ಪು, ಬಕೆಟ್ಟಿನ ರೆಕ್ಕೆ, ಎಲ್ಲಕ್ಕೂ ಬದಲಾಗಿ ಒಂದು ಪರದೆ ಸಾಕಾಗಿತ್ತು.

ಬೆಳಗಾಗುವ ಮೊದಲೇ ಹಕ್ಕಿಗಳು ಹೊರಟುಹೋದವು. ಮೂರು ಮಾತ್ರ ಸುಸ್ತಿನಿಂದಲೇ ಸತ್ತಿದ್ದವು. ಉಳಿದವು ಬಿಟ್ಟುಹೋದ ಹಿಕ್ಕೆಯನ್ನು ಮಾವ ಬೈಯುತ್ತ ಉಜ್ಜಿದರು. ಆಮೇಲೆ ಸೀಟಿಯೂ ಅವರೂ ನೆನೆದ ಉಂಡೆಗಳನ್ನೆಲ್ಲ ಕೊಳವೆಯಿಂದ ಈಚೆ ತೆಗೆದು ಪೀಪಾಯಿಯ ನೀರಿಗೆ ಹಾಕಿದರು. ಅದು ಕಪ್ಪು ಗಂಜಿಯಾಯಿತು.

ವಿಚಾರಣೆಗೆ ಕರೆದ ಅಧಿಕಾರಿ ಒಳ್ಳೆಯ ಮನುಷ್ಯ. ಮಾವನ ಮೇಲೆ ಅವನಿಗೆ ಗೌರವವಿತ್ತು. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದ: "ನೀವು ಮರೆಯೋರಲ್ಲ ಅಂತ ನಂಗೊತ್ತು. ಟಾರ್ಪಾಲು ಹೊದಿಸಿದ್ರಿ, ಹೊಲಿಗೆ ಬಿಟ್ಟು ನೀರು ಇಳೀತು. ಹಾಗೆ ಬರೀತೀನಿ. ಸಾಮಾನಿನ ದೋಷ. ನಿಮ್ಮ ಗೋದಾಮು ನಿಮ್ಗೇ ಇರುತ್ತೆ. ಹೂಂ ಅನ್ನಿ ಸಾಕು."

ಮಾವ ಮೇಜಿನ ಮೇಲಿದ್ದ ಟಾರ್ಪಾಲನ್ನು ನೋಡಿದರು. ಅಂಚಿನ ಎರಡು ಮಡಿಕೆಯ ಹೊಲಿಗೆಯನ್ನು ನೋಡಿದರು.

"ಹೊಲಿಗೆ ಸರಿ ಇದೆ ಸಾರ್. ನಾನೇ ಮರೆತೆ."

"ಯೋಚ್ನೆ ಮಾಡಿ ಹೇಳಿ."

"ಮಾಡೇ ಹೇಳ್ತಿದೀನಿ. ಈ ಹೊಲಿಗೆ ಬಿಡಲ್ಲ."

ಗೋದಾಮಿನ ಕೆಲಸ ಸೀಟಿಗೆ ಹೋಯಿತು. ಮಾವನಿಗೆ ಮರೆವು ಎಂಬ ಮಾತು ಅಡುಗೆಮನೆಯಿಂದ ಎಂಜಿನ್ ಕೋಣೆಯವರೆಗೆ ಹರಡಿತು. ಎದುರು ಸಿಕ್ಕವರು, "ಅಣ್ಣಾ, ಪ್ಯಾಂಟು ಹಾಕ್ಕೊಂಡಿದೀರಾ, ನೋಡ್ಕೊಳ್ಳಿ" ಎಂದು ನಗುತ್ತಿದ್ದರು. ಮರೆವಿನವನನ್ನು ಮದ್ದಿನ ಹತ್ತಿರ ಬಿಡುವಂತಿಲ್ಲ. ಮುಂದಿನ ಪ್ರಯಾಣಗಳಿಗೆ ಡೆಕ್ಕು ತೊಳೆಯುವ ಕೆಲಸ ಕೊಟ್ಟರು.

ಮನೆಗೆ ಬಂದು ಅತ್ತೆಗೂ ಅದನ್ನೇ ಹೇಳಿದರು: ಮರೆತೆ. ಆಗ ನಾನೂ ಅಲ್ಲಿದ್ದೆ. ಅತ್ತೆ ಯಂತ್ರದ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದರು.

"ನೀವು ಮರೆತ್ರಾ? ಮಲಗೋ ಮುಂಚೆ ನೀರಿನ ಕೊಡ ಮುಚ್ಚಿದ್ಯಾ ಅಂತ ಮೂರು ಸಲ ಎಬ್ಬಿಸಿ ಕೇಳೋರು? ತಟ್ಟೆ ಮೇಲೆ ತಟ್ಟೆ ಮುಚ್ಕೊಂಡು ತಿನ್ನೋರು? ಹೇಳೋದಾದ್ರೆ ನಂಬೋ ಹಾಗೆ ಹೇಳಿ."

ಮಾವ ಎಲ್ಲ ಹೇಳಿದರು. ಅಧಿಕಾರಿ ಕೊಟ್ಟ ಉಪಾಯವನ್ನೂ ಮುಚ್ಚಿಡಲಿಲ್ಲ. ಅತ್ತೆಯ ಮುಖ ಕೆಂಪಾಯಿತು.

"ಹಕ್ಕಿಗೋಸ್ಕರ ಮನೆ ಬಿಟ್ರಿ."

"ಹಕ್ಕಿ ಮೇಲೆ ನನಗೇನು ಪ್ರೀತಿ? ಹೇತು ಹಾಕ್ತವೆ ದರಿದ್ರಗಳು. ಅದನ್ನ ಗುಡಿಸೋಕೆ ಆಗಲ್ಲ ಕಣೇ ನಂಗೆ. ಅಸಹ್ಯ."

"ಹೊಲಿಗೆ ಬಿಟ್ಟಿತ್ತು ಅಂದಿದ್ರೆ ಕೆಲ್ಸ ಉಳೀತಿತ್ತಲ್ಲ?"

"ಉಳೀತಿತ್ತು."

"ಅನ್ನಬೇಕಿತ್ತು!"

"ನಿನ್ನ ಹೊಲಿಗೆ ಯಾವತ್ತು ಬಿಟ್ಟಿದೆ?"

ಅತ್ತೆ ಗೋಡೆ ಹಿಡಿದು ಎದ್ದು ಹೋಗಿ, ಖಾಲಿ ಮಾಡಿಟ್ಟಿದ್ದ ಕಪಾಟಿನ ಅರೆಗೆ ತಮ್ಮ ಸೀರೆಗಳನ್ನು ಮರಳಿ ಜೋಡಿಸಿದರು, ದಬದಬ ಸದ್ದು ಮಾಡುತ್ತ. ರಜೆ ಮುಗಿಯುವವರೆಗೂ ಗಂಡನ ಜೊತೆ ಮಾತು ಊಟಕ್ಕೆ ಕರೆಯುವಷ್ಟೇ.

ಮಾವ ಮತ್ತೆ ಹಡಗು ಹತ್ತಿದರು, ಪೊರಕೆಯವರಾಗಿ. ಅತಿಥಿಗಳು ಬಿಟ್ಟುಹೋದ ಎಂಜಲು ಗ್ಲಾಸು, ಕಚ್ಚಿ ಎಸೆದ ಹಣ್ಣು, ಈಜುಕೊಳದ ಅಂಚಿನ ವಾಂತಿ. ಹಿಂಬದಿಯಲ್ಲಿ ಹೊಸಬನೊಬ್ಬ ಗುಂಡಿ ಒತ್ತುತ್ತಿದ್ದ, ಅತ್ತೆ ಹೊಲಿದ ಟಾರ್ಪಾಲನ್ನು ಮರೆಯದೆ ಹೊದಿಸಿ. ಒಂದು ಪರದೆ ಸಾಕು ಎಂಬುದನ್ನು ಆ ಸಂಜೆ ಎಲ್ಲರೂ ಕಂಡಿದ್ದರು. ಆದರೂ ಚೀಟಿಯಲ್ಲಿ ಅಚ್ಚಾಗಿತ್ತಲ್ಲ.

ಹಂಗಾಮು ಮತ್ತೆ ಬಂತು. ಎದುರುಗಾಳಿಯೂ, ಹಕ್ಕಿಗಳೂ ಬಂದವು. ಮಾವ ಹೊಸಬನಿಗೆ ಹೇಳಿ ನೋಡಿದರು. ಅವನು, "ನಿಮ್ಮ ಹಾಗೆ ಮರೆಯೋಕೆ ನನಗೆ ಆಗಲ್ಲಪ್ಪ, ಮನೇಲಿ ಚಿಕ್ಕ ಮಕ್ಕಳಿದಾರೆ" ಎಂದ. ಅದು ವ್ಯಂಗ್ಯವೋ, ನಿಜವೋ ಮಾವನಿಗೆ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಅತ್ತೆಗೆ ಫೋನು ಮಾಡಿದರು. ಹಡಗಿನಿಂದ ಅವರು ಹಾಗೆ ಹೊತ್ತಲ್ಲದ ಹೊತ್ತಿನಲ್ಲಿ ಮಾಡುವವರಲ್ಲ. ಅತ್ತೆ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಲ್ಲಿ ಬಟ್ಟೆ ಸರಿಸುತ್ತ ಯಂತ್ರ ತುಳಿಯುತ್ತಲೇ ಮಾತಾಡಿದರು.

"ಇವತ್ತು ಗುಡಿಸಿದೆ" ಎಂದರು ಮಾವ.

ಯಂತ್ರ ನಿಂತಿತು. "ತುಂಬಾನಾ?"

"ಬಕೆಟ್ಟು ತುಂಬ."

"ಕೈ ತೊಳ್ಕೊಂಡ್ರಾ?"

"ತೊಳ್ಕೊಂಡೆ. ಹೋಗ್ತಿಲ್ಲ ವಾಸನೆ."

"ಪೆಟ್ಟಿಗೆ ಕಟ್ಕೊಂಡು ಬಂದ್ಬಿಡಿ. ಗೋದಾಮೂ ಬೇಡ, ಅವರ ಬೂದಿನೂ ಬೇಡ. ಇಲ್ಲಿ ಕತ್ತರಿ ಹಿಡಿಯೋರಿಲ್ಲದೆ ನನ್ನ ಕೆಲ್ಸ ನಿಂತಿದೆ."

ಮಾವ ಮುಂದಿನ ಬಂದರಿನಲ್ಲೇ ಇಳಿದರು. ಅವರು ಬಂದ ದಿನ ಅತ್ತೆ ಬಾಗಿಲಲ್ಲೇ ನಿಲ್ಲಿಸಿ, ಬಟ್ಟೆ ಕಳಚಿಸಿ, ಅಂಗಳದಲ್ಲಿ ಎರಡು ಸಲ ಸ್ನಾನ ಮಾಡಿಸಿ, ಆಮೇಲೆ ಒಳಗೆ ಬಿಟ್ಟರು. ಪೆಟ್ಟಿಗೆಯಲ್ಲಿದ್ದ ಕೆಲಸದ ಬಟ್ಟೆಗಳನ್ನು ಒಗೆಯಲೂ ಇಲ್ಲ. ಕಡ್ಡಿಯಲ್ಲಿ ಎತ್ತಿ ಕಸದ ಗಾಡಿಗೆ ಹಾಕಿದರು. ಕಪಾಟಿನ ಅರೆ ಮತ್ತೆ ಖಾಲಿಯಾಗಿತ್ತು.

ಈಗ ಮಾವ ನೆಲದ ಮೇಲೆ ಟಾರ್ಪಾಲು ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುತ್ತಾರೆ. ಅತ್ತೆ ಹೊಲಿಯುತ್ತಾರೆ. ಗೆರೆ ಒಂದಿಷ್ಟು ಸೊಟ್ಟಗಾದರೂ, "ಗುಂಡಿ ಒತ್ತಿ ಒತ್ತಿ ಕೈ ಕೆಟ್ಟಿದೆ ನಿಮ್ಮದು" ಎಂದು ಹಂಗಿಸುತ್ತಾರೆ. ಮನೆಯಿಂದ ಕಡಲು ದೂರ. ಆದರೂ ಕೆಲವು ಸಂಜೆ ದಿಗಂತದ ಹತ್ತಿರ ಯಾವುದೋ ಹಡಗಿನವರು ಹಾರಿಸುತ್ತಾರೆ. ಅಕ್ಕಪಕ್ಕದ ಮನೆಯವರು ಮಹಡಿ ಹತ್ತಿ, "ಬನ್ರೀ, ನಿಮ್ಮವರದು ನೋಡ್ಬನ್ನಿ!" ಎಂದು ಕೂಗುತ್ತಾರೆ. ಮಾವ ಎದ್ದು ಕಿಟಕಿ ಮುಚ್ಚುತ್ತಾರೆ.

"ಅಷ್ಟು ದೂರದಿಂದ ವಾಸನೆ ಬರುತ್ತಾ ರೀ?" ಎನ್ನುತ್ತಾರೆ ಅತ್ತೆ.

"ಬರುತ್ತೆ."

ಅತ್ತೆ ಊಟ ಬಡಿಸಿ, ಎರಡನೆಯ ತಟ್ಟೆಯನ್ನು ತಾವೇ ತಂದು ಮುಚ್ಚುತ್ತಾರೆ.